‘ಗುಡ್’ ಅಂತ ಬರೆದದ್ದನ್ನು ಯಾವ ಗುಂಪಿಗೆ ಸೇರಿಸಲಿ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳೆಲ್ಲ ಹೆಚ್ಚಾಗಿ ಕನ್ನಡ ಮಾಧ್ಯಮದವರು. ಕಿನ್ನಾಳದ ಗೊಂಬೆಗಳ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಸಿ, ಒಬ್ಬರದನ್ನು ಇನ್ನೊಬ್ಬರು ಓದಿ ಅಭಿಪ್ರಾಯ ಬರೆಯಲು ಹೇಳಿದೆ. ‘ಗುಡ್’, ‘ಸ್ಪೆಲ್ಲಿಂಗ್ ತಪ್ಪು’ ಇಂಥವೇ ಜಾಸ್ತಿ. ಕೆಲವರು ಕನ್ನಡದಲ್ಲೇ ಬರೆದಿದ್ದಾರೆ. ಇವನ್ನು ಹೇಗೆ ವಿಂಗಡಿಸಲಿ?

ಉತ್ತರ: ಮೊದಲು ಒಂದೊಂದು ಮಾತನ್ನೂ ಬೇರೆ ಮಾಡಿಕೊಳ್ಳಿ. ‘ಶುರು ಚೆನ್ನಾಗಿದೆ, ಆದರೆ ಬಣ್ಣ ಹೇಗೆ ಹಚ್ಚುತ್ತಾರೆ ಅಂತ ಹೇಳಿಲ್ಲ’ ಎಂಬಲ್ಲಿ ಎರಡು ಮಾತಿವೆ. ಎರಡಕ್ಕೂ ಒಂದೊಂದು ಚೀಟಿ.

ಆಮೇಲೆ ಪ್ರತಿ ಚೀಟಿಗೂ ಮೂರು ಪ್ರಶ್ನೆ ಹಾಕಿ. 2003ರಲ್ಲಿ ಲಿಯು ಮತ್ತು ಸ್ಯಾಡ್ಲರ್ ಎಂಬ ಸಂಶೋಧಕರು ಹೀಗೇ ವಿಂಗಡಿಸಿದ್ದರು. ಮಾತು ವಿಷಯ, ಜೋಡಣೆಯ ಮೇಲಿದೆಯೋ, ಸ್ಪೆಲ್ಲಿಂಗ್, ವ್ಯಾಕರಣದ ಮೇಲಿದೆಯೋ? ಅದು ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುತ್ತಿದೆಯೋ, ಅರ್ಥವಾಗದ್ದನ್ನು ಕೇಳುತ್ತಿದೆಯೋ, ಸಲಹೆ ಕೊಡುತ್ತಿದೆಯೋ, ತಾನೇ ತಿದ್ದಿಬಿಟ್ಟಿದೆಯೋ? ಬರೆದವರು ಅದನ್ನು ಓದಿ ಏನಾದರೂ ಬದಲಿಸಬಹುದೇ?

ನನ್ನ ಮಟ್ಟಿಗೆ ಈ ಮೂರನೆಯದೇ ಜೀವಾಳ. ‘ಗುಡ್’ ಓದಿ ಯಾರೂ ಏನೂ ಬದಲಿಸಲಾರರು. ‘ಸ್ಪೆಲ್ಲಿಂಗ್ ತಪ್ಪು’ ಎಂಬುದು ತಿದ್ದುಪಡಿಯಂತೆ ಕಾಣುತ್ತದೆ, ಆದರೆ ಯಾವ ಪದ, ಯಾವ ಸಾಲು? ಜಾಗ ತೋರಿಸದ ಮಾತುಗಳಿಗೆ ಬೇರೆಯೇ ಗುರುತು ಹಾಕಿ. ‘ಈ ಗೊಂಬೆ ಯಾವ ಮರದ್ದು ಅಂತ ಗೊತ್ತಾಗಲಿಲ್ಲ’ ಎಂದು ಯಾರಾದರೂ ಕೇಳಿದ್ದರೆ, ಅವರು ನಿಜವಾಗಿ ಓದಿದ್ದಾರೆ. ಅಂಥ ಚೀಟಿಗಳನ್ನು ತರಗತಿಯಲ್ಲಿ ಓದಿ ಹೇಳಿ. ಮುಂದಿನ ಸಲ ‘ಗುಡ್’ ಕಡಿಮೆಯಾಗುತ್ತದೆಯೇ ಎಂದು ನೋಡೋಣ.

ಕನ್ನಡದ ಮಾತುಗಳನ್ನು ದಯವಿಟ್ಟು ತೆಗೆದುಹಾಕಬೇಡಿ. ‘ಇಲ್ಲಿ ಒಂದು ವಿಷಯದಿಂದ ಇನ್ನೊಂದಕ್ಕೆ ಹಾರಿದ್ದೀರಿ’ ಎಂದು ಇಂಗ್ಲಿಷಿನಲ್ಲಿ ಹೇಳಲಾಗದೆ ಸುಮ್ನೆ ‘ಗುಡ್’ ಬರೆಯುವ ಮಕ್ಕಳಿದ್ದಾರೆ. ಭಾಷೆಗೆ ಒಂದು ಪ್ರತ್ಯೇಕ ಕಾಲಂ ಇಡಿ, ಸಾಕು. ವಿಷಯದ ಬಗೆಗಿನ ಮಾತು ಯಾವ ಭಾಷೆಯಲ್ಲಿ ಹೆಚ್ಚು ಬಂದಿದೆ ಎಂಬುದೂ ಅದರಲ್ಲೇ ಕಾಣುತ್ತದೆ.

ಸಲಹೆಗೂ ತಿದ್ದುಪಡಿಗೂ ನಡುವೆ ಗೊಂದಲ ಬಂದೇ ಬರುತ್ತದೆ. ಸಹೋದ್ಯೋಗಿಯೊಬ್ಬರಿಗೆ ಕೆಲವು ಚೀಟಿ ಕೊಟ್ಟು, ನಿಮ್ಮದನ್ನು ತೋರಿಸದೆ ವಿಂಗಡಿಸಲು ಹೇಳಿ. ಇಬ್ಬರದೂ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಕೂತು ನಿಯಮ ಬರೆದುಕೊಳ್ಳಿ.

ಇನ್ನೊಂದು ಮಾತು. 2009ರಲ್ಲಿ ಲುಂಡ್‌ಸ್ಟ್ರಾಮ್ ಮತ್ತು ಬೇಕರ್ ನಡೆಸಿದ ಅಧ್ಯಯನದಲ್ಲಿ, ಅಭಿಪ್ರಾಯ ಪಡೆದವರಿಗಿಂತ ಕೊಟ್ಟವರ ಬರವಣಿಗೆಯೇ ಹೆಚ್ಚು ಸುಧಾರಿಸಿತ್ತು. ಕೊಟ್ಟವರಲ್ಲೂ ಇಂಗ್ಲಿಷ್ ಕಡಿಮೆ ಬರುವವರಿಗೆ ಹೆಚ್ಚು ಲಾಭವಾಗಿತ್ತು. ನಿಮ್ಮ ಮಕ್ಕಳಿಗೆ ಇದು ಒಳ್ಳೆಯ ಸುದ್ದಿ, ಅಲ್ವಾ? ಅದಕ್ಕೇ ಚೀಟಿಯ ಮೇಲೆ ಅಭಿಪ್ರಾಯ ಕೊಟ್ಟವರ ಹೆಸರೂ ಇರಲಿ. ಅವರ ಮುಂದಿನ ಪ್ರಬಂಧವನ್ನು ಈ ಚೀಟಿಗಳ ಪಕ್ಕದಲ್ಲಿಟ್ಟು ಓದಿ.