ಲೆಗ್ ಗಾರ್ಡಿನ ಬೆಲೆ ಮತ್ತು ಊರಿನ ಅಂಗಡಿ: ತಿಪಟೂರಿನ ಓದುಗರಿಗೆ ಉತ್ತರ

ಮಾನ್ಯರೇ,

ಬೈಕಿನ ಆಕ್ಸೆಸರಿಗಳನ್ನು ಆದಷ್ಟೂ ಊರಿನ ಅಂಗಡಿಯಲ್ಲೇ ಕೊಳ್ಳಿ ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದಕ್ಕೆ ಪ್ರತಿಯಾಗಿ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟು ಹೇಳುತ್ತೇನೆ. ನಿಮ್ಮ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿಗೆ ಲೆಗ್ ಗಾರ್ಡ್ (ಗಾಡಿ ಬಿದ್ದಾಗ ಕಾಲು ಉಳಿಸಲು ಮುಂದೆ ಕೂರಿಸುವ ಕಬ್ಬಿಣದ ಕಂಬಿ) ಬೇಕೆಂದು ಊರಿನ ಅಂಗಡಿಯಲ್ಲಿ ವಿಚಾರಿಸಿದಾಗ 3,100 ರೂಪಾಯಿ ಹೇಳಿದರು; ನೋಡಲು ಅಂಥದೇ ಆದ ಗಾರ್ಡ್ ಮೊಬೈಲಿನಲ್ಲಿ 1,850ಕ್ಕೆ ಸಿಕ್ಕಿತು; ತರಿಸಿಕೊಂಡು, ಕೂರಿಸಿಕೊಡಿ ಎಂದು ಅದೇ ಅಂಗಡಿಗೆ ಒಯ್ದರೆ ‘ಎಲ್ಲಿ ತಗೊಂಡ್ರೋ ಅಲ್ಲೇ ಹಾಕಿಸ್ಕೊಳ್ಳಿ’ ಎಂದು ಕಳಿಸಿಬಿಟ್ಟರು. ಮೂರು ತಿಂಗಳ ಹಿಂದೆ ಅವರಲ್ಲೇ ಕೊಂಡಿದ್ದ ಹೆಲ್ಮೆಟ್ಟಿಗೆ ಬಿಲ್ ಕೊಟ್ಟಿರಲಿಲ್ಲ. ವೈಸರ್ (ಮುಖದ ಮುಂದಿನ ಪಾರದರ್ಶಕ ಮುಚ್ಚಳ) ನಿಲ್ಲುತ್ತಿಲ್ಲ ಎಂದು ಮಾರನೆಯ ದಿನವೇ ಹೋದರೂ ಬದಲಿಸಿಕೊಡಲಿಲ್ಲ. ‘ಇಂಥವರ ಪರವಾಗಿ ಬರೆಯಲು ನಿಮಗೆ ಜಾಹೀರಾತು ಬರುತ್ತದೆಯೇ?’ ಎಂದು ಕೊನೆಗೆ ಕೇಳಿದ್ದೀರಿ.

ಜಾಹೀರಾತು ಬರುವುದಿಲ್ಲ. ಬಿಲ್ಲಿನ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ, ಮತ್ತು ನಮ್ಮ ಲೇಖನ ಆ ಮಾತನ್ನು ಎತ್ತದೆ ಹೋದದ್ದು ದೊಡ್ಡ ಕೊರತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ಸರಕಿಗೆ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪದಿರುವುದೂ ಅದೇ ಸಾಲಿಗೆ ಸೇರುತ್ತದೆ. ‘ಒಮ್ಮೆ ಮಾರಿದ ಸಾಮಾನು ವಾಪಸು ಪಡೆಯುವುದಿಲ್ಲ’ ಎಂಬ ಬೋರ್ಡನ್ನು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ ಮಾತ್ರಕ್ಕೆ ಆ ಹೊಣೆ ಕಳಚಿಕೊಳ್ಳುವುದಿಲ್ಲ. ಊರಿನ ಅಂಗಡಿಗೆ ಇರುವ ಅತಿ ದೊಡ್ಡ ಬಲವೆಂದರೆ ಮಾರಿದವನು ನಾಳೆಯೂ ಅಲ್ಲೇ ಸಿಗುತ್ತಾನೆ ಎಂಬ ಭರವಸೆ. ನಿಮ್ಮ ಅಂಗಡಿಯವರು ವೈಸರಿನ ವಿಷಯದಲ್ಲಿ ಕೈಯಾರೆ ಕಳೆದುಕೊಂಡದ್ದು ಅದನ್ನೇ.

ಆದರೆ ಲೆಗ್ ಗಾರ್ಡಿನ ಲೆಕ್ಕವನ್ನು ನಾನು ನಿಮ್ಮಂತೆ ಹಾಕಲಾರೆ. ನೀವು 3,100ರಿಂದ 1,850 ಕಳೆದು, ಉಳಿದ 1,250 ರೂಪಾಯಿಯನ್ನು ಸುಲಿಗೆ ಎಂದು ಕರೆದಿದ್ದೀರಿ. ಆ ಎರಡು ಬೆಲೆಗಳು ಒಂದೇ ವಸ್ತುವಿನ ಬೆಲೆಗಳಲ್ಲ. ಒಂದು ಡಬ್ಬಿಯಲ್ಲಿ ಬರುವ ಕಬ್ಬಿಣದ ಬೆಲೆ. ಇನ್ನೊಂದು ಗಾಡಿಗೆ ಕೂತ, ಕೂರಿಸಿದವನು ಜವಾಬ್ದಾರನಾಗಿರುವ ಗಾರ್ಡಿನ ಬೆಲೆ. ನಿಮ್ಮ ಬೈಕಿನ ಉದಾಹರಣೆಯನ್ನೇ ನೋಡಿ. ‘ಕ್ಲಾಸಿಕ್ 350’ ಎಂಬ ಹೆಸರಿನಲ್ಲಿ ರಸ್ತೆಯ ಮೇಲೆ ಎರಡು ಬೇರೆ ಬೇರೆ ಗಾಡಿಗಳಿವೆ. 2021ರ ಸೆಪ್ಟೆಂಬರಿನಲ್ಲಿ ಬಂದ ಹೊಸ ಕ್ಲಾಸಿಕ್‌ನ ಎಂಜಿನ್ ಬೇರೆ, ಚಾಸಿಸ್ (ಗಾಡಿಯ ಚೌಕಟ್ಟು) ಬೇರೆ. ಹಳೆಯದರಲ್ಲಿ ಮುಂದಿನಿಂದ ಇಳಿದು ಬರುವ ಕೊಳವೆ ಒಂದೇ, ಹೊಸದರಲ್ಲಿ ಎರಡು. ಲೆಗ್ ಗಾರ್ಡ್ ಹಿಡಿದು ನಿಲ್ಲುವುದೇ ಆ ಜಾಗದಲ್ಲಿ. ಮಾರಾಟದ ಪುಟದಲ್ಲಿ ಬರೀ ‘ಕ್ಲಾಸಿಕ್ 350ಕ್ಕೆ ಸೂಕ್ತ’ ಎಂದಷ್ಟೇ ಬರೆದಿದ್ದರೆ ಯಾವ ಕ್ಲಾಸಿಕ್ ಎಂದು ಕೇಳಬೇಕಾದವರು ನೀವು. ಅಂಗಡಿಯಲ್ಲಾದರೆ ಗಾಡಿಯನ್ನು ನೋಡಿದ ಕೂಡಲೇ ಅವರು ಆ ಪ್ರಶ್ನೆಯನ್ನು ಮುಗಿಸಿರುತ್ತಾರೆ. ನಿಮ್ಮ ಗಾಡಿ ಯಾವ ವರ್ಷದ್ದು ಎಂದು ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಅದೇ ನನಗೆ ಹೆಚ್ಚು ಆತಂಕ ತಂದ ಸಂಗತಿ. ತೂತು ನಾಲ್ಕೈದು ಮಿಲಿಮೀಟರ್ ಆಚೀಚೆ ಇದ್ದರೆ ಗ್ಯಾರೇಜಿನ ಹುಡುಗ ಅರ ಹಾಕಿ ಅಗಲ ಮಾಡಿ ಬೋಲ್ಟ್ ತೂರಿಸಿಬಿಡುತ್ತಾನೆ. ಅಗಲವಾದ ತೂತಿನಲ್ಲಿ ಬೋಲ್ಟ್ ಅದುರುತ್ತಾ ಅದುರುತ್ತಾ ಸಡಿಲವಾಗುತ್ತದೆ. ಗಾಡಿ ಬಿದ್ದ ದಿನ ಕಾಲು ಉಳಿಸಬೇಕಾದ ಗಾರ್ಡೇ ಒಳಕ್ಕೆ ಮಡಚಿಕೊಂಡು ಕಾಲನ್ನು ಸಿಕ್ಕಿಸುತ್ತದೆ.

ವಿದ್ಯುತ್ತಿನ ಸಾಮಾನಾದರೆ ನನ್ನ ಎಚ್ಚರಿಕೆ ಇನ್ನೂ ಹೆಚ್ಚು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಬೈಕಿಗೆ ‘ದುಪ್ಪಟ್ಟು ಬೆಳಕು’ ಎಂದು ಬರೆದಿದ್ದ ಹೆಡ್‌ಲೈಟ್ ಬಲ್ಬೊಂದನ್ನು ತರಿಸಿ ನಾನೇ ಹಾಕಿಕೊಂಡಿದ್ದೆ. ಬೆಳಕು ಚೆನ್ನಾಗಿಯೇ ಇತ್ತು. ಮೂರನೆಯ ವಾರ ಹಾಸನದ ಕಡೆಯಿಂದ ರಾತ್ರಿ ಬರುತ್ತಿದ್ದಾಗ ಯಡಿಯೂರು ದಾಟುವಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಹಿಂದೆಯೇ ದೀಪ ಹೋಯಿತು. ಹಿಂದೆ ಲಾರಿ, ಮುಂದೆ ಕತ್ತಲೆ. ಇಂಡಿಕೇಟರ್ ಹಾಕಿಕೊಂಡು ಗಾಡಿಯನ್ನು ತಳ್ಳಿಕೊಂಡು ಹೋಗಿ, ರಸ್ತೆಬದಿಯಲ್ಲಿ ಬಾಗಿಲು ಹಾಕುತ್ತಿದ್ದ ಒಬ್ಬ ಮೆಕ್ಯಾನಿಕ್‌ನನ್ನು ಹಿಡಿದೆ. ಆತ ಹೆಡ್‌ಲೈಟಿನ ಬೋಗುಣಿ ಬಿಚ್ಚಿ, ಬಲ್ಬನ್ನು ಹೊರಗೆಳೆದಾಗ ಹೋಲ್ಡರ್ ಅದಕ್ಕೆ ಮೇಣದಂತೆ ಕರಗಿ ಅಂಟಿಕೊಂಡಿತ್ತು. ಮೂರು ವೈರುಗಳಲ್ಲಿ ಒಂದರ ಮೇಲುಹೊದಿಕೆ ಗೇಣುದ್ದ ಸುಟ್ಟು ತಾಮ್ರ ಕಾಣುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ ಬಲ್ಬಿನ ಬುಡ ಓದಿ, ‘ನಿಮ್ಮ ಗಾಡಿಗೆ ಮೂವತ್ತೈದು ವ್ಯಾಟ್ ಸಾರ್, ಇದು ನೂರರದ್ದು’ ಎಂದ. ಲೆಕ್ಕ ಸರಳ: 12 ವೋಲ್ಟಿನಲ್ಲಿ 35 ವ್ಯಾಟ್ ಎಂದರೆ ಸುಮಾರು 3 ಆಂಪಿಯರ್, 100 ವ್ಯಾಟ್ ಎಂದರೆ 8ಕ್ಕಿಂತ ಹೆಚ್ಚು. ಮೂರು ಆಂಪಿಯರಿಗೆಂದು ಎಳೆದ ವೈರು, ರಿಲೇ (ಹೆಚ್ಚಿನ ಕರೆಂಟನ್ನು ಬೇರೆ ದಪ್ಪ ವೈರಿನಲ್ಲಿ ಹಾಯಿಸುವ ಸ್ವಿಚ್ಚು) ಇಲ್ಲದೆ, ಎಂಟನ್ನು ಹೊರಲಾರದು. ಬಲ್ಬು ಕಳಿಸಿದ ಮಾರಾಟಗಾರನಿಗೆ ಬರೆದರೆ, ಹಿಂದಿರುಗಿಸುವ ಅವಧಿ ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು. ವೈರಿಂಗ್ ಬದಲಿಸಲು ಬಲ್ಬಿನ ಬೆಲೆಯ ಐದು ಪಟ್ಟು ಖರ್ಚಾಯಿತು. ಗಾಡಿ ವಾರಂಟಿಯಲ್ಲಿ ಇದ್ದಿದ್ದರೂ, ಹೊರಗಿನ ಸಾಮಾನಿನಿಂದ ವೈರಿಂಗ್ ಸುಟ್ಟಿದೆ ಎಂದು ಕಂಪನಿ ಕೈತೊಳೆದುಕೊಳ್ಳುತ್ತಿತ್ತು.

ಇದರ ಅರ್ಥ ಅಂಗಡಿಯವರೆಲ್ಲ ಬಲ್ಲವರು, ಆನ್‌ಲೈನಿನಲ್ಲಿ ಸಿಗುವುದೆಲ್ಲ ಡೂಪ್ಲಿಕೇಟ್ ಎಂದಲ್ಲ. ನೂರು ವ್ಯಾಟಿನ ಬಲ್ಬನ್ನು ಕಣ್ಣುಮುಚ್ಚಿ ಹಾಕಿಕೊಡುವ ಅಂಗಡಿಗಳೂ ಇವೆ. ರಸ್ತೆಬದಿಯಲ್ಲಿ ಗುಡ್ಡೆ ಹಾಕಿ ಮಾರುವ ಹೆಲ್ಮೆಟ್ಟುಗಳಂತೂ ಊರಿನವೇ. 2021ರ ಜೂನ್ 1ರಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ಟನ್ನು ದ್ವಿಚಕ್ರ ಸವಾರರಿಗೆ ಮಾರುವುದೇ ಅಪರಾಧ. ಆದರೂ ಬರೀ ಗುರುತಿನ ಸ್ಟಿಕರ್ ಅಂಟಿಸಿದವು ಧಾರಾಳವಾಗಿ ಸಿಗುತ್ತವೆ. ನಿಜವಾದ ಗುರುತಿನ ಮೇಲ್ಗಡೆ ಹೆಲ್ಮೆಟ್ಟಿನ ಮಾನಕದ ಸಂಖ್ಯೆಯಾದ ಐಎಸ್ 4151 ಎಂದೂ ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರುತ್ತದೆ. ಆ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾವ ತಯಾರಕರದ್ದು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಅಲ್ಲೇ ತಿಳಿಯುತ್ತದೆ. ಕೌಂಟರಿನ ಮುಂದೆ ನಿಂತೇ ನೋಡಿ, ಸಂಕೋಚ ಬೇಡ.

ಹೆಲ್ಮೆಟ್ಟಿನ ಮಾತು ಬಂದದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಕಂಡದ್ದನ್ನು ಹೇಳಬೇಕು. ಕಾಲೇಜು ಹುಡುಗನೊಬ್ಬ ಹೆಲ್ಮೆಟ್ ಹಾಕಿಕೊಂಡು ‘ಸರಿಯಾಗಿದೆ’ ಎಂದ. ಅಂಗಡಿಯ ಹಿರಿಯರು ಒಪ್ಪಲಿಲ್ಲ. ಎರಡು ಕೈಯಲ್ಲಿ ಹೆಲ್ಮೆಟ್ ಹಿಡಿದು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿಸಿದರು; ಹೆಲ್ಮೆಟ್ ತಿರುಗಿತು, ಹುಡುಗನ ಹಣೆಯ ಚರ್ಮ ಅಲ್ಲೇ ನಿಂತಿತು. ‘ಚರ್ಮ ಇದರ ಜೊತೆಗೇ ಎಳೆದುಕೊಂಡು ಬರಬೇಕು ಮಗಾ’ ಎಂದು ಒಳಗಿನಿಂದ ಒಂದು ಸೈಜ್ ಚಿಕ್ಕದನ್ನು ತಂದರು. ಕೆನ್ನೆ ಒತ್ತುತ್ತದೆ ಎಂದು ಹುಡುಗ ಗೊಣಗಿದ. ವಾರದಲ್ಲಿ ಸ್ಪಂಜು ಹದಕ್ಕೆ ಬರುತ್ತದೆ, ಒತ್ತಬೇಕಾದದ್ದೇ ಅದು, ಎಂದರು. ಇಷ್ಟಾದ ಮೇಲೆ ಆ ಹುಡುಗ ಒಳಗಿನ ಸೈಜಿನ ಚೀಟಿಯ ಫೋಟೊ ತೆಗೆದುಕೊಂಡು, ಆಮೇಲೆ ಬರುತ್ತೇನೆ ಎಂದು ಹೊರಟ. ಎಲ್ಲಿ ಕೊಳ್ಳುತ್ತಾನೆ ಎಂದು ಅವರಿಗೂ ಗೊತ್ತಿತ್ತು, ನನಗೂ. ಆ ಹತ್ತು ನಿಮಿಷದ ವಿದ್ಯೆಗೆ ಯಾವ ಬಿಲ್ಲಿನಲ್ಲೂ ಕಾಲಂ ಇಲ್ಲ. ಅದು ಹೆಲ್ಮೆಟ್ಟಿನ ಬೆಲೆಯೊಳಗೇ ಸೇರಿರುತ್ತದೆ. ವಿದ್ಯೆಯನ್ನು ಒಂದು ಕಡೆ ಪಡೆದು ದುಡ್ಡನ್ನು ಇನ್ನೊಂದು ಕಡೆ ಕೊಡುವುದು ಕಾನೂನಿನ ತಪ್ಪಲ್ಲ, ಆದರೆ ಅದನ್ನು ನಾನು ನ್ಯಾಯ ಎಂದು ಬರೆಯಲಾರೆ.

ಹಾಗಾದರೆ ಆನ್‌ಲೈನಿನಲ್ಲಿ ಏನೂ ಕೊಳ್ಳಬಾರದೇ ಎಂದರೆ, ಧಾರಾಳವಾಗಿ ಕೊಳ್ಳಬಹುದು. ಮಳೆ ಕೋಟು, ಟ್ಯಾಂಕ್ ಬ್ಯಾಗು, ಗ್ಲೌಸು, ಗಾಡಿಯ ಹೊದಿಕೆ ಇವುಗಳಲ್ಲಿ ಫಿಟ್ಟಿಂಗ್ ಇಲ್ಲ, ವೈರು ಇಲ್ಲ. ಹೆಣ್ಣುಮಕ್ಕಳ ಅಳತೆಯ ರೈಡಿಂಗ್ ಜಾಕೆಟ್ ತಿಪಟೂರಿನಲ್ಲಿ ಇರಲಿ, ಎಷ್ಟೋ ಜಿಲ್ಲಾ ಕೇಂದ್ರಗಳಲ್ಲೂ ಸಿಗುವುದಿಲ್ಲ. ಅದಕ್ಕಾಗಿ ಅವರು ಬೆಂಗಳೂರಿಗೆ ಬಸ್ ಹತ್ತಬೇಕೆಂದು ಹೇಳಲು ಯಾರಿಗೂ ಹಕ್ಕಿಲ್ಲ. ಕೊಳ್ಳುವ ಮೊದಲು ಮಾರಾಟಗಾರನ ಹೆಸರು, ವಿಳಾಸ ಪುಟದಲ್ಲಿ ಇದೆಯೇ ನೋಡಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅದು ಇರಲೇಬೇಕು; ದೂರು ಕೊಟ್ಟರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾರಿದವನು ಯಾವ ಊರಿನಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು.

ಇನ್ನು ‘ಎಲ್ಲಿ ತಗೊಂಡ್ರೋ ಅಲ್ಲೇ ಹಾಕಿಸ್ಕೊಳ್ಳಿ’ ಎಂಬ ಮಾತು. ಅದು ಒರಟು ಮಾತು, ವ್ಯಾಪಾರಕ್ಕೂ ಒಳ್ಳೆಯದಲ್ಲ. ಆದರೆ ಹೊರಗಿನ ಸಾಮಾನನ್ನು ತಾನು ಕೂರಿಸಿ, ನಾಳೆ ಅದು ಕಳಚಿಬಿದ್ದರೆ ತನ್ನ ಮೇಲೆ ಬರುತ್ತದೆ ಎಂಬ ಅಂಜಿಕೆ ಅದರ ಹಿಂದೆ ಇರಬಹುದು. ಫಿಟ್ಟಿಂಗಿಗೆ ಬೇರೆಯೇ ದರ ಗೊತ್ತುಮಾಡಿ ಗೋಡೆಗೆ ಬರೆದು ಹಾಕಿ ಎಂದು ಅಂಗಡಿಯವರಲ್ಲಿ ನಮ್ಮ ಬಿನ್ನಹ: ಇಲ್ಲಿ ಕೊಂಡರೆ ಉಚಿತ, ಹೊರಗಿನದಾದರೆ ಇಷ್ಟು, ಅಳತೆ ಕೂರದಿದ್ದರೆ ಹಾಕುವುದಿಲ್ಲ. ಆಗ ನಿಮ್ಮಂಥವರು ಚೌಕಾಸಿ ಮಾಡದೆ ಆ ದರ ಕೊಡಬೇಕು. ಅವರ ವಿದ್ಯೆಗೂ ಬಿಲ್ಲಿನಲ್ಲಿ ಒಂದು ಕಾಲಂ ಸಿಕ್ಕಂತಾಗುತ್ತದೆ.

ನಿಮ್ಮ ಗಾರ್ಡನ್ನು ಇನ್ನೂ ಹಾಕಿಸಿಲ್ಲ ಎಂದು ಪತ್ರದಿಂದ ತಿಳಿಯುತ್ತದೆ. ಹಾಕಿಸುವ ಮೊದಲು ಡಬ್ಬಿಯ ಮೇಲೆ ತಯಾರಕರ ಹೆಸರು, ಯಾವ ವರ್ಷದ ಮಾದರಿಗೆ ಎಂಬುದು ಇದೆಯೇ ನೋಡಿ; ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ, ಮೊದಲ ನಾಲ್ಕು ಸುತ್ತು ತಡೆಯಿಲ್ಲದೆ ಒಳಗೆ ಹೋಗಬೇಕು. ಅರ ಮುಟ್ಟಿಸಬೇಕು ಎಂದು ಯಾರಾದರೂ ಹೇಳಿದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ವಾಪಸು ಕಳಿಸಿ. ಈ ಪುಟವನ್ನು ನಿಮ್ಮ ಊರಿನ ಅಂಗಡಿಯವರಿಗೂ ತೋರಿಸಿ. ಅವರು ಉತ್ತರ ಬರೆದರೆ ಅದನ್ನೂ ಪೂರ್ತಿಯಾಗಿ ಪ್ರಕಟಿಸುತ್ತೇವೆ.

– ಸಂಪಾದಕ