ಆ ಹುಡುಗಿಯನ್ನು ಕುರ್ಚಿಯಲ್ಲೇ ಕೂರಿಸಿ

ನಮಸ್ಕಾರ.

ನಿಮ್ಮ ಕ್ರಿಸ್‌ಮಸ್ ಕಾದಂಬರಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲು ಬರೆದು ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ನಿಮ್ಮ ಕಥೆ ಇಷ್ಟು. 12 ವರ್ಷದ ಎಮಿಲಿಗೆ 'ನಟ್‌ಕ್ರ್ಯಾಕರ್' ಬ್ಯಾಲೆಯಲ್ಲಿ ಕಥೆಯ ಹುಡುಗಿ ಕ್ಲಾರಾಳ ಪಾತ್ರ ಸಿಗುತ್ತದೆ. ಅವಳ ಆಸೆ ಮಾತ್ರ ಮುಖ್ಯ ನರ್ತಕಿ ಮಾಡುವ ಶುಗರ್ ಪ್ಲಮ್ ಫೇರಿ ಆಗುವುದು. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಮುಖ್ಯ ನರ್ತಕಿಯ ಕಾಲು ಉಳುಕುತ್ತದೆ. ಎಮಿಲಿ ಆ ಪಾತ್ರದಲ್ಲಿ ಕುಣಿಯುತ್ತಾಳೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಹೊರಗೆ ಹಿಮ ಬೀಳುತ್ತದೆ.

ಇಲ್ಲೇ ನಾನು ನಿಮ್ಮನ್ನು ನಂಬುವುದು ಬಿಟ್ಟೆ. ಫೇರಿಯದು ಪಳಗಿದ ನರ್ತಕಿಯ ಪಾತ್ರ. ಕೊನೆಯ ಹೊತ್ತಿಗೆ ದೊಡ್ಡ ಜೋಡಿ ನೃತ್ಯವಿದೆ, ಅದು ಜೊತೆಗಾರನೊಂದಿಗೆ ಅಭ್ಯಾಸ ಮಾಡದೆ ಆಗುವ ಮಾತಲ್ಲ. ಸಾಮಾನ್ಯವಾಗಿ ಮಕ್ಕಳು ಕಾಲ್ಬೆರಳ ತುದಿಯ ಮೇಲೆ ಕುಣಿಯಲು ಬೇಕಾದ ಪಾಯಿಂಟ್ ಶೂ ಹಾಕಲು ಶುರುಮಾಡುವುದೇ ಎಮಿಲಿಯ ವಯಸ್ಸಿನ ಆಸುಪಾಸಿನಲ್ಲಿ. ದೊಡ್ಡ ತಂಡಗಳಲ್ಲಿ ಆ ಪಾತ್ರ ಬಲ್ಲವರು ಇನ್ನೂ ಇರುತ್ತಾರೆ. ಒಬ್ಬಳ ಕಾಲು ಉಳುಕಿದರೆ ಇನ್ನೊಬ್ಬಳು ಮೇಕಪ್ ಹಚ್ಚಿಕೊಳ್ಳುತ್ತಾಳೆ, ಯಾರೂ ಮಗುವನ್ನು ಹುಡುಕಿಕೊಂಡು ಬರುವುದಿಲ್ಲ.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ನಿಮಗೆ ಬೇಕಾದ ಕಥೆ ಆ ಬ್ಯಾಲೆಯೊಳಗೇ ಇತ್ತು! ಎರಡನೇ ಅಂಕದಲ್ಲಿ ಕ್ಲಾರಾ ಏನು ಮಾಡುತ್ತಾಳೆ? ಮಗುವೇ ಆ ಪಾತ್ರ ಮಾಡುವ ಎಷ್ಟೋ ಪ್ರದರ್ಶನಗಳಲ್ಲಿ ಅವಳು ಸಿಂಹಾಸನದ ಮೇಲೆ ಕೂತು ಬೇರೆಯವರ ಕುಣಿತ ನೋಡುತ್ತಾಳೆ. 1892ರ ಡಿಸೆಂಬರ್‌ನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿನ್ಸ್ಕಿ ಥಿಯೇಟರಿನ ಮೊದಲ ಪ್ರದರ್ಶನದಲ್ಲೂ ಕ್ಲಾರಾ ಆಗಿದ್ದವಳು ಬ್ಯಾಲೆ ಶಾಲೆಯ ಹುಡುಗಿ. ರಂಗದ ತುಂಬಾ ಮಕ್ಕಳೇ, ಮುಖ್ಯ ನರ್ತಕಿ ಬರುವುದು ಇಷ್ಟು ತಡವಾಗಿಯಾ ಎಂದು ಆಗಿನ ವಿಮರ್ಶಕರು ಗೊಣಗಿದ್ದರು.

ಈಗ ಎಮಿಲಿಯನ್ನು ಅಲ್ಲಿ ಕೂರಿಸಿ. ಎಲ್ಲರೂ ಅವಳಿಗೆ ಶುಭಾಶಯ ಹೇಳಿದ್ದಾರೆ. ಅವಳಿಗೆ ಬೇಕಾಗಿದ್ದ ಕುಣಿತ ದಿನವೂ ಕಣ್ಣೆದುರೇ ನಡೆಯುತ್ತದೆ. ಕಾಲು ಜುಮ್ಮೆಂದರೂ ಅಲ್ಲಾಡಿಸುವಂತಿಲ್ಲ, ಮುಖದ ನಗು ಮಾಸುವಂತಿಲ್ಲ. ಹೊಟ್ಟೆಕಿಚ್ಚು ಇರುತ್ತೆ ಅಲ್ವಾ? ಪ್ರೇಕ್ಷಕರಿಗೆ ಪಿಯಾನೋದಂಥ ವಾದ್ಯ ಸೆಲೆಸ್ಟಾದ ಕಿಣಿಕಿಣಿ ನಾದ ಮಾತ್ರ ಕೇಳುತ್ತದೆ. ಅವಳಿಗೆ ಫೇರಿಯ ಏದುಸಿರು ಕೇಳುತ್ತದೆ, ಶೂ ನೆಲಕ್ಕೆ ಬಡಿಯುವ ಸದ್ದು ಕೇಳುತ್ತದೆ. ನಗುತ್ತಾ ಪರದೆಯ ಮರೆಗೆ ಸರಿದವಳು ಮಂಡಿಗೆ ಕೈಕೊಟ್ಟು ಬಗ್ಗುವುದು ಕಾಣುತ್ತದೆ. ಇದನ್ನೆಲ್ಲ ನೋಡಿದ ಮೇಲೂ ಅವಳಿಗೆ ಆ ಪಾತ್ರ ಬೇಕಾ? ನೀವು ಬರೆಯಬೇಕಾದ ಕಾದಂಬರಿ ಇದು. ಇದಕ್ಕೆ ಯಾರ ಕಾಲೂ ಉಳುಕಬೇಕಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಎಮಿಲಿ ಪುಟಕ್ಕೊಮ್ಮೆ 'ಗಾಳಿಯಲ್ಲಿ ತೇಲುತ್ತಾಳೆ'. ಸಾಕು. ಪಾಯಿಂಟ್ ಶೂನ ತುದಿ ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಾಕಿ ಗಟ್ಟಿ ಮಾಡಿದ್ದು. ಅದರ ರಿಬ್ಬನ್ನನ್ನು ನರ್ತಕಿಯರು ತಾವೇ ಹೊಲಿದುಕೊಳ್ಳುತ್ತಾರೆ. ದೊಡ್ಡ ಪಾತ್ರವಾದರೆ ಒಂದೇ ಪ್ರದರ್ಶನಕ್ಕೆ ಒಂದು ಜೊತೆ ಮೆತ್ತಗಾಗಿ ಹೋಗುವುದೂ ಉಂಟು. ಇಂಥದ್ದು ಬರೆಯಿರಿ. ಹಾಗೇ ಹೊರಗಿನ ಹಿಮ ತೆಗೆದುಬಿಡಿ. ಮೊದಲ ಅಂಕದ ಕೊನೆಗೆ ರಂಗದ ಮೇಲೇ ಕಾಗದದ ಹಿಮ ಬೀಳುತ್ತದೆ, ಕಾಲು ಜಾರುತ್ತದೆ, ಬಾಯೊಳಗೆ ಹೋಗುತ್ತದೆ. ನನಗೆ ಆ ಹಿಮವೇ ಇಷ್ಟ.

ತಮ್ಮನ ಅಧ್ಯಾಯ ಚೆನ್ನಾಗಿದೆ. ಅಕ್ಕನ ಪ್ರದರ್ಶನಗಳಿಂದಾಗಿ ಅಜ್ಜಿಯ ಮನೆಗೆ ಹೋಗುವುದು ತಪ್ಪಿತು ಎಂದು ಅವನು ಮುನಿಸಿಕೊಳ್ಳುವುದು ನಿಜ ಅನ್ನಿಸಿತು. ಅಲ್ಲಿ ನೀವು ಯಾರನ್ನೂ ಮೆಚ್ಚಿಸಲು ಹೊರಟಿಲ್ಲ. ಅದರ ಒಂದು ಪದವನ್ನೂ ಮುಟ್ಟಬೇಡಿ. ಮೊದಲ ಮೂರು ಅಧ್ಯಾಯ ಸುಮ್ನೆ ಪೀಠಿಕೆ. ಪಾತ್ರಗಳ ಪಟ್ಟಿ ಗೋಡೆಗೆ ಅಂಟಿಸುವಲ್ಲಿಂದ ಶುರುಮಾಡಿ.

ತಿದ್ದಿದ ಮೇಲೆ ಇಡೀ ಹಸ್ತಪ್ರತಿ ಕಳಿಸಬೇಡಿ. ಅವಳು ಸಿಂಹಾಸನದ ಮೇಲೆ ಕೂರುವ ಮೊದಲ ಸಂಜೆಯ ಅಧ್ಯಾಯ ಮಾತ್ರ ಕಳಿಸಿ. ಅದನ್ನು ಓದಿ ಉಳಿದದ್ದು ಮಾತಾಡೋಣ.