ಸಭೆಯಿಂದ ಎದ್ದು ಬರಬೇಡಿ, ಆಕ್ಷೇಪಣೆ ಬರೆಸಿ

ಪಟ್ಟಣ ಪಂಚಾಯಿತಿಗೆ ಮೊದಲ ಸಲ ಗೆದ್ದಿದೀನಿ, ರಸ್ತೆ ಬಿಲ್ಲೆಲ್ಲ ಕೈ ಎತ್ತಿ ಪಾಸ್ ಮಾಡ್ತಾರೆ, ಯಾವ ಸೆಕ್ಷನ್ ಹಿಡಿದು ಜೋರು ಮಾಡ್ಬೇಕು, ಸಭಾತ್ಯಾಗ ಮಾಡಿದ್ರೆ ಪೇಪರಲ್ಲಾದ್ರೂ ಬರುತ್ತಲ್ವಾ ಅಂತ ಕೇಳಿದೀರ. ಪೇಪರಲ್ಲಿ ಬರುತ್ತೆ. ನಂದೂ ಬಂದಿತ್ತು, ಫೋಟೋ ಸಮೇತ. ಅದರಿಂದ ನಮ್ಮ ವಾರ್ಡಿಗೆ ಏನಾಯ್ತು ಅಂತ ಹೇಳ್ತೀನಿ, ಆಮೇಲೆ ನೀವೇ ಯೋಚನೆ ಮಾಡಿ.

ನಾನು ತುಮಕೂರು ಜಿಲ್ಲೆಯ ಒಂದು ಪುರಸಭೇಲಿ ಸದಸ್ಯನಾಗಿದ್ದೆ, 2018ರಲ್ಲಿ ಗೆದ್ದಿದ್ದು. ಗೆದ್ದ ಮೇಲೆ ಅಧ್ಯಕ್ಷ ಉಪಾಧ್ಯಕ್ಷ ಮೀಸಲಾತಿ ವಿಷಯ ಕೋರ್ಟಿಗೆ ಹೋಗಿ 2020ರ ಕೊನೆ ತನಕ ನಮ್ಮನ್ನ ಸಭೇಲಿ ಕೂರಿಸ್ಲೇ ಇಲ್ಲ, ಎಲ್ಲಾ ಆಡಳಿತಾಧಿಕಾರಿ ಕೈಲೇ ನಡೀತಿತ್ತು. ಜನ ಬೆಳಗ್ಗೆ ಎದ್ರೆ ಬಾಗಿಲಿಗೆ ಬಂದು ನಲ್ಲೀಲಿ ನೀರು ಬಂದಿಲ್ಲ, ಬೀದಿ ದೀಪ ಉರೀತಿಲ್ಲ ಅಂತಾರೆ, ನಮ್ಮ ಹತ್ರ ಗೆದ್ದ ಸರ್ಟಿಫಿಕೇಟ್ ಬಿಟ್ರೆ ಏನೂ ಇಲ್ಲ. ಆ ಸಿಟ್ಟೆಲ್ಲ ಒಳಗೇ ಇತ್ತು. ಹಾಗಾಗಿ ಸಭೆ ಅಂತ ಶುರುವಾದಾಗ ಮಾತಾಡೋ ಆತುರ ಇತ್ತೇ ಹೊರತು ಅಜೆಂಡಾನ ಕೊನೆ ಪುಟದ ತನಕ ಓದೋ ತಾಳ್ಮೆ ಇರ್ಲಿಲ್ಲ.

ನಮ್ಮ ವಾರ್ಡಲ್ಲಿ ಒಂದು ಸಿಸಿ ರಸ್ತೆ. 120 ಮೀಟರ್ ಉದ್ದ, 4 ಮೀಟರ್ ಅಗಲ. ಜಾತ್ರೆ ಹತ್ರ ಬಂತು, ತುರ್ತು ಕಾಮಗಾರಿ ಅಂತ ಹೇಳಿ ರಾತ್ರೋರಾತ್ರಿ ಹಾಕಿದ್ರು, ನನಗೆ ಅಂದಾಜು ಪಟ್ಟಿನೂ ತೋರಿಸ್ಲಿಲ್ಲ. ಕಾಂಕ್ರೀಟ್ ನಿಲ್ಲೋಕೆ ಅಂಚಿಗೆ ಕಟ್ಟಿದ್ದ ಶಟರ್ ಹಲಗೆ ಬಿಚ್ಚಿದ ಮೇಲೆ ಚರಂಡಿ ಕಡೆ ಅಂಚು ಬರೀದಾಗಿ ಕಾಣ್ತಿತ್ತಲ್ಲ, ಅಲ್ಲಿ ಬಗ್ಗಿ ಸ್ಟೀಲ್ ಸ್ಕೇಲ್ ಇಟ್ಟು ನೋಡ್ದೆ. ಹತ್ತು ಸೆಂಟಿಮೀಟರ್. ಒಂದೆರಡು ಕಡೆ ಅದೂ ಇಲ್ಲ. ಆಮೇಲೆ ಗೊತ್ತಾಯ್ತು, ಅಂದಾಜಲ್ಲಿ ಇದ್ದಿದ್ದು ಹದಿನೈದು. 120 ಇಂಟು 4 ಇಂಟು 0.15 ಅಂದ್ರೆ 72 ಘನ ಮೀಟರ್ ಕಾಂಕ್ರೀಟ್ ಬೀಳ್ಬೇಕು, ಹತ್ತೇ ಸೆಂಟಿಮೀಟರ್ ಹಾಕಿದ್ರೆ 48. ಮೂರನೇ ಒಂದು ಭಾಗ ರಸ್ತೆ ನೆಲದ ಮೇಲೆ ಇಲ್ವೇ ಇಲ್ಲ, ಎಂ.ಬಿ. ಪುಸ್ತಕದಲ್ಲಿ, ಅಂದ್ರೆ ಎಂಜಿನಿಯರ್ ಕೆಲಸ ಅಳೆದು ಬರ್ಯೋ ಅಳತೆ ಪುಸ್ತಕದಲ್ಲಿ, ಮಾತ್ರ ಇದೆ. ಇನ್ನೊಂದು ವಿಷ್ಯ ಏನಪ್ಪಾ ಅಂದ್ರೆ ಒಂದೇ ರಸ್ತೇನ ಆ ಮನೆಯಿಂದ ಈ ಮನೆ ತನಕ, ಈ ಮನೆಯಿಂದ ದೇವಸ್ಥಾನದ ತನಕ ಅಂತ ತುಂಡು ಮಾಡಿ ಬೇರೆ ಬೇರೆ ಕಾಮಗಾರಿ ಅಂತ ತೋರ್ಸಿದ್ರು, ಯಾಕಂದ್ರೆ 5 ಲಕ್ಷ ದಾಟಿದ್ರೆ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿ, ಕಾಮಗಾರಿಗಳ ಪಾರದರ್ಶಕತೆ ಕಾಯ್ದೆ) ಪ್ರಕಾರ ಟೆಂಡರ್ ಕರೀಬೇಕು, ಅದರೊಳಗಿದ್ರೆ ತುಂಡು ಗುತ್ತಿಗೇಲಿ ಬೇಕಾದವ್ರಿಗೆ ಕೊಡ್ಬಹುದು. ನಿಮ್ಮ ಊರಲ್ಲೂ ಇದೇ ಇರುತ್ತೆ, ಹೋಗಿ ನೋಡಿ.

ಸಭೇಲಿ ಅದು ಬಂದಿದ್ದು ಆರನೇ ವಿಷಯವಾಗಿ, "ಘಟನೋತ್ತರ ಮಂಜೂರಾತಿ ಬಗ್ಗೆ" ಅಂತ. ಅಂದ್ರೆ ಕೆಲಸ ಮುಗ್ದಿದೆ, ಈಗ ಒಪ್ಪಿಗೆ ಕೊಡಿ ಅಂತ. ನಾನು ಎದ್ದೆ, ಸ್ಕೇಲ್ ತೋರಿಸ್ದೆ, ಕಿರುಚಿದೆ. ಅಧ್ಯಕ್ಷರು ಕೂತ್ಕೊಳ್ಳಿ ಆಮೇಲೆ ಮಾತಾಡೋಣ ಅಂದ್ರು, ಮುಖ್ಯಾಧಿಕಾರಿ ತಲೆ ಬಗ್ಗಿಸ್ಕೊಂಡು ಏನೋ ಬರೀತಿದ್ರು, ನಾನು ಅಜೆಂಡಾ ಹರಿದು ಹಾಕಿ ಧಿಕ್ಕಾರ ಕೂಗಿ ಹೊರಗೆ ಬಂದೆ, ಜೊತೆಗೆ ಇನ್ನಿಬ್ಬರು ಬಂದ್ರು. ಬಾಗಿಲಲ್ಲೇ ವರದಿಗಾರರು ಇದ್ರು. ಅವತ್ತು ರಾತ್ರಿ ವಾರ್ಡಲ್ಲಿ ಜನ ಬೆನ್ನು ತಟ್ಟಿದ್ರು, ನಂಗೂ ಏನೋ ಸಾಧಿಸ್ದೆ ಅನ್ನಿಸ್ತು.

ಇಲ್ಲಿ ಸ್ವಲ್ಪ ನಿಂತು ಓದಿ, ಯಾಕಂದ್ರೆ ನೀವು ಕೇಳಿರೋ ಪ್ರಶ್ನೆಗೆ ಉತ್ತರ ಇಲ್ಲೇ ಇರೋದು. ಸಭೆಗೆ ಹೋದ ತಕ್ಷಣ ಹಾಜರಿ ಪುಸ್ತಕ ಮುಂದೆ ಇಡ್ತಾರೆ, ಟೀ ಬರೋ ಮುಂಚೆನೇ ಸಹಿ ಹಾಕ್ತೀವಿ. ಆ ಸಹಿ ಆದ್ಮೇಲೆ ಕಾಗದದ ಪ್ರಕಾರ ನೀವು ಸಭೆ ಮುಗಿಯೋ ತನಕ ಇದ್ದೀರಿ. ನೀವು ಎಷ್ಟೊತ್ತಿಗೆ ಎದ್ದು ಹೋದ್ರಿ ಅಂತ ಯಾರೂ ಬರ್ಯಲ್ಲ. ಬರ್ಯೋದು ನಡಾವಳಿ, ಅಂದ್ರೆ ಸಭೇಲಿ ಏನು ತೀರ್ಮಾನ ಆಯ್ತು ಅನ್ನೋ ದಾಖಲೆ, ಅದನ್ನ ಬರ್ಯೋದು ಕಚೇರಿಯವ್ರು. ಮುಂದಿನ ಸಭೆ ಅಜೆಂಡಾ ಜೊತೆ ನಡಾವಳಿ ಪ್ರತಿ ಬಂತು, ಅದ್ರಲ್ಲಿ ಆರನೇ ವಿಷಯದ ಮುಂದೆ "ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು" ಅಂತ ಇತ್ತು. ಸರ್ವಾನುಮತ. ಆ ಸರ್ವರಲ್ಲಿ ನಾನೂ ಒಬ್ಬ. ನಾನು ಕಿರುಚಿದ್ದು, ಸ್ಕೇಲು, ಧಿಕ್ಕಾರ ಎಲ್ಲಾ ಸೇರಿ "ಸುದೀರ್ಘ ಚರ್ಚೆ" ಆಗಿತ್ತು.

ಅಷ್ಟೇ ಆಗಿದ್ರೆ ಇನ್ನೂ ಸರಿ ಮಾಡ್ಬಹುದಿತ್ತು. ಪ್ರತಿ ಸಭೇಲಿ ಮೊದಲನೇ ವಿಷಯ ಏನಿರುತ್ತೆ? ಹಿಂದಿನ ಸಭೆ ನಡಾವಳಿ ಓದಿ ದೃಢೀಕರಿಸೋದು. ಎಲ್ಲರೂ ಅದನ್ನ ಶಾಸ್ತ್ರ ಅಂದ್ಕೊಂಡು "ಓದಿದಂಗಾಯ್ತು, ಮುಂದಕ್ಕೆ ಹೋಗಿ" ಅಂತಾರೆ. ಅವತ್ತು ನಾನು ಎದ್ದು, ಆರನೇ ವಿಷಯಕ್ಕೆ ನನ್ನ ವಿರೋಧ ಇತ್ತು, ನಡಾವಳಿ ತಪ್ಪಾಗಿದೆ, ತಿದ್ದಿ, ಇಲ್ಲಾಂದ್ರೆ ದೃಢೀಕರಣಕ್ಕೂ ನನ್ನ ಆಕ್ಷೇಪಣೆ ಬರ್ಕೊಳ್ಳಿ ಅಂತ ಹೇಳಿ ಲಿಖಿತ ಕೊಟ್ಟಿದ್ರೆ ಮುಗೀತಿತ್ತು. ನಾನು ಆ ಸಭೆಗೆ ತಡವಾಗಿ ಹೋದೆ, ಹೋಗೋಷ್ಟರಲ್ಲಿ ಅದು ಪಾಸಾಗಿತ್ತು, ಮತ್ತೆ ಸಹಿ ಬೇರೆ ಹಾಕ್ದೆ. ಒಂದು ಸಲ ಎದ್ದು ಹೋಗಿದ್ದಕ್ಕೆ ಒಪ್ಪಿಗೆ ಬಿತ್ತು, ಇನ್ನೊಂದು ಸಲ ತಡವಾಗಿದ್ದಕ್ಕೆ ಆ ಒಪ್ಪಿಗೆ ಗಟ್ಟಿಯಾಯ್ತು. ಮಳೆಗಾಲ ಬಂದು ರಸ್ತೆ ಅಂಚು ಕಿತ್ಕೊಂಡಾಗ ಜಿಲ್ಲಾಧಿಕಾರಿಗಳಿಗೆ ದೂರು ಕೊಟ್ಟೆ. ದೂರು ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹೋಗಿ, ಅಲ್ಲಿಂದ ನಮ್ಮ ಪುರಸಭೆಗೇ ವರದಿ ಕೇಳಿ, ತಿರುಗಿ ಬಂದ ಉತ್ತರದಲ್ಲಿ ನನ್ನ ಹಾಜರಿ ಸಹಿಯ ಜೆರಾಕ್ಸ್ ಲಗತ್ತಿಸಿದ್ರು. ದೂರುದಾರರು ಸದರಿ ಸಭೆಯಲ್ಲಿ ಹಾಜರಿದ್ದು ಸಮ್ಮತಿಸಿರುತ್ತಾರೆ ಅಂತ. ನನ್ನ ಸಹಿಗೆ ನಾನೇ ಏನು ಉತ್ತರ ಕೊಡ್ಲಿ.

ರಸ್ತೆ ಹೋದ್ರೆ ಹೋಗ್ಲಿ, ಮತ್ತೆ ಹಾಕ್ತಾರೆ. ನನಗೆ ಇವತ್ತಿಗೂ ನೋವಿರೋದು ಬೇರೆ ವಿಷಯಕ್ಕೆ. ನಾನು ಆರನೇ ವಿಷಯಕ್ಕೆ ಎದ್ದು ಬಂದೆ, ಅಜೆಂಡಾದಲ್ಲಿ ಇನ್ನೂ ಮುಕ್ಕಾಲು ಭಾಗ ಬಾಕಿ ಇತ್ತು. ಪ್ರಶ್ನೆ ಮಾಡೋ ಮೂವರು ಹೊರಗಿದ್ದೀವಿ, ಒಳಗೆ ಉಳಿದಿದ್ದೆಲ್ಲ ಟೀ ಆರೋದ್ರೊಳಗೆ ಪಾಸ್. ಅದ್ರಲ್ಲಿ ಬಸ್ ಸ್ಟ್ಯಾಂಡ್ ಹತ್ರದ ಪುರಸಭೆ ಮಳಿಗೆಗಳ ಬಾಡಿಗೆ ಅವಧಿ ಮುಂದುವರಿಸೋದಿತ್ತು. ಅವಧಿ ಮುಗಿದ ಮೇಲೆ ಬಹಿರಂಗ ಹರಾಜು ಹಾಕ್ಬೇಕಾದ ಅಂಗಡಿಗಳು ಅವು, ಹಳೇ ಬಾಡಿಗೆಗೇ ಹಳಬರಿಗೇ ಹೋಯ್ತು. ಪುರಸಭೆಗೆ ಬರೋದು ತಿಂಗಳಿಗೆ ನೂರುಗಳ ಲೆಕ್ಕ, ಅವ್ರು ಒಳಬಾಡಿಗೆಗೆ ಕೊಟ್ಟು ಎಣಿಸ್ಕೊಳ್ಳೋದು ಸಾವಿರಗಳ ಲೆಕ್ಕ.

ಇನ್ನೊಂದು ಶೇ 5ರ ಕ್ರಿಯಾ ಯೋಜನೆ. ನೀವು ಹೊಸಬರು, ಹೇಳ್ತೀನಿ ಕೇಳಿ: ನಗರ ಸ್ಥಳೀಯ ಸಂಸ್ಥೆ ದುಡ್ಡಲ್ಲಿ ಪರಿಶಿಷ್ಟ ಜಾತಿ ಪಂಗಡಕ್ಕೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಮೀಸಲಿಡ್ಬೇಕು. ಗಾಲಿಕುರ್ಚಿ, ಶ್ರವಣ ಸಾಧನ, ಚಿಕಿತ್ಸೆ ಖರ್ಚು, ಇಂಥದ್ದಕ್ಕೆಲ್ಲ ಇರೋ ದುಡ್ಡು ಅದು. ನಮ್ಮ ವಾರ್ಡಲ್ಲಿ ಒಬ್ಬ ತಾಯಿ ಇದಾರೆ, ಮಗನಿಗೆ ಹುಟ್ಟಿದಾಗಿಂದ ನಡೆಯೋಕಾಗಲ್ಲ, ಮೀಸೆ ಬಂದಿರೋ ಹುಡುಗನ್ನ ಇವತ್ತಿಗೂ ಬಚ್ಚಲಿಗೆ ಎತ್ಕೊಂಡು ಹೋಗ್ತಾರೆ, ಅವ್ರ ಭುಜ ಒಂದು ಕಡೆ ಇಳಿದುಬಿಟ್ಟಿದೆ. ಗಾಲಿಕುರ್ಚಿಗೆ ಅರ್ಜಿ ನಾನೇ ಬರ್ದು ಹಾಕಿಸಿದ್ದೆ. ಅವತ್ತು ನಾನು ಹೊರಗೆ ಧಿಕ್ಕಾರ ಕೂಗ್ತಿದ್ದಾಗ ಒಳಗೆ ಆ ಶೇ 5ರ ದುಡ್ಡನ್ನ ಕಚೇರಿ ಕಟ್ಟಡಕ್ಕೆ ಇಳಿಜಾರು ಮಾಡೋಕೆ, ಶೌಚಾಲಯ ರಿಪೇರಿ ಮಾಡೋಕೆ ಅಂತ ಠರಾವು ಮಾಡಿದ್ರು. ಅದೂ ಅಂಗವಿಕಲರಿಗೇ ಅಂತ ಲೆಕ್ಕ. ಆ ತಾಯಿ ಆಮೇಲೆ ಸಿಕ್ಕಿ "ನೀವು ಒಳಗೇ ಇದ್ರಂತಲ್ಲ ಸಾರ್, ಸಹಿ ಐತಂತೆ" ಅಂದ್ರು. ಜಗಳ ಮಾಡೋ ದನೀಲಲ್ಲ, ಸುಮ್ನೆ ಕೇಳಿದ್ರು.

ಅದಕ್ಕೇ ಹೇಳ್ತಿರೋದು, ನೀವು ಕೇಳಿರೋ ಪ್ರಶ್ನೇನೇ ಸರಿಯಿಲ್ಲ. ಸಭೇಲಿ ಹೆಂಗೆ ಜೋರು ಮಾಡೋದು ಅಂತ ಕೇಳ್ತಿದೀರ. ಖರ್ಚು ತೀರ್ಮಾನ ಆಗೋದು ಸಭೇಲಲ್ಲ. ಸಭೆಗೆ ಮುಂಚೆ ಅಂದಾಜು ಪಟ್ಟೀಲಿ ಆಗುತ್ತೆ, ಸಭೆ ಆದ್ಮೇಲೆ ಎಂ.ಬಿ.ಲಿ ಆಗುತ್ತೆ. ಸಭೆ ಇರೋದು ಅದಕ್ಕೆ ಮುದ್ರೆ ಒತ್ತೋಕೆ, ಆ ಮುದ್ರೇಲಿ ನಿಮ್ಮ ಹೆಸರು ಯಾವ ಕಡೆ ಇದೆ ಅನ್ನೋದಷ್ಟೇ ಅಲ್ಲಿ ನಿಮ್ಮ ಕೈಲಿರೋದು. ಸೆಕ್ಷನ್ ನಂಬರ್ ಬಾಯಿಪಾಠ ಮಾಡಿ ಏನು ಮಾಡ್ತೀರ, ಅವ್ರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಆಮೇಲಿಂದ ನಾನು ಮಾಡಿದ್ದು ಇದು. ಅಜೆಂಡಾ ಕೈಗೆ ಬಂದ ದಿನವೇ ಕೂತು ಓದಿ, ಪ್ರಶ್ನೆಗಳನ್ನ ಬಿಳಿ ಹಾಳೇಲಿ ಬರೆದು ಮುಖ್ಯಾಧಿಕಾರಿಗೆ ಟಪಾಲಲ್ಲಿ ಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೊಳ್ಳೋದು. ಯಾವ ಅನುದಾನ, ಕೇಂದ್ರ ಹಣಕಾಸು ಆಯೋಗದ್ದಾ ಎಸ್‌ಎಫ್‌ಸಿದಾ (ರಾಜ್ಯ ಹಣಕಾಸು ಆಯೋಗ) ಪುರಸಭೆ ಸ್ವಂತ ನಿಧಿನಾ, ಅಂದಾಜು ಎಷ್ಟು, ತಾಂತ್ರಿಕ ಮಂಜೂರಾತಿ ಯಾರು ಕೊಟ್ರು, ಟೆಂಡರ್ ಕರೆದಿದಾರಾ, ಕಾಂಕ್ರೀಟ್ ಗಟ್ಟಿತನ ನೋಡೋ ಕ್ಯೂಬ್ ಟೆಸ್ಟ್ ವರದಿ ಎಲ್ಲಿದೆ, ದೋಷ ಹೊಣೆಗಾರಿಕೆ ಅವಧಿ ಯಾವಾಗ ಮುಗಿಯುತ್ತೆ. ಈ ಕೊನೇದನ್ನ ಯಾರೂ ಕೇಳಲ್ಲ, ಕೇಳಿ, ಯಾಕಂದ್ರೆ ಆ ಅವಧೀಲಿ ರಸ್ತೆ ಕಿತ್ಕೊಂಡ್ರೆ ಗುತ್ತಿಗೆದಾರ ಸ್ವಂತ ಖರ್ಚಲ್ಲಿ ಮಾಡ್ಕೊಡ್ಬೇಕು, ಅದನ್ನ ಮರೆತು ಹೊಸ ಅಂದಾಜು ತಂದು ಇಡ್ತಾರೆ. ಒಂದು ಚರಂಡಿ ಕೆಲಸದಲ್ಲಿ ಬಿಲ್ ಆಗೋ ಮುಂಚೆ ಹೀಗೆ ಬರೆದು ಕೊಟ್ಟೆ, ಕಿರಿಯ ಎಂಜಿನಿಯರ್ ಟೇಪ್ ಹಿಡ್ಕೊಂಡು ಮತ್ತೆ ಬಂದು ಅಳೆದ್ರು, ಬಿಲ್ ಮೊತ್ತ ಇಳೀತು. ಒಂದು ಸಲನೂ ದನಿ ಎತ್ತಲಿಲ್ಲ. ಕಾಗದ ಫೈಲಲ್ಲಿ ಕೂತಿದ್ರೆ ನಾಳೆ ಆಡಿಟ್‌ಗೆ ಬಂದವ್ರು ಅದನ್ನೂ ಓದ್ತಾರೆ ಅನ್ನೋ ಭಯ ಅವ್ರಿಗಿರುತ್ತೆ.

ಸಭೇಲಿ ಒಪ್ಪಿಗೆ ಇಲ್ಲ ಅಂದ್ರೆ ಮೆತ್ತಗೇ ಹೇಳಿ, "ಈ ವಿಷಯಕ್ಕೆ ನನ್ನ ಆಕ್ಷೇಪಣೆ ಇದೆ, ನಡಾವಳೀಲಿ ದಾಖಲಿಸಿ, ಹೆಸರು ಸಮೇತ ಮತಕ್ಕೆ ಹಾಕಿ" ಅಂತ. ಕಾರಣನ ಬರೆದೇ ತಗೊಂಡು ಹೋಗಿ ಕೊಡಿ. ಸೋಲ್ತೀರ, ಸೋತ್ರೆ ಸೋಲಿ ಬಿಡಿ, ಆದ್ರೆ ಸರ್ವಾನುಮತ ಅಂತ ಬರ್ಯೋಕಾಗಲ್ಲ. ಜಿಲ್ಲಾಧಿಕಾರಿಗೆ ಠರಾವನ್ನ ತಡೆಹಿಡಿಯೋ ಅಧಿಕಾರ ಇದೆ, ಅವ್ರ ಹತ್ರ ಹೋದಾಗ ತೋರ್ಸೋಕೆ ಅದೊಂದು ಸಾಲು ಬೇಕು. ಮೂರನೇ ಒಂದು ಭಾಗ ಸದಸ್ಯರು ಲಿಖಿತವಾಗಿ ಕೇಳಿದ್ರೆ ವಿಶೇಷ ಸಭೆ ಕರೀಲೇಬೇಕು, 23 ಜನರ ಪುರಸಭೇಲಿ 8 ಸಹಿ. ಎಂಟು ಜನ ಸಿಗಲ್ಲ ಅನ್ಬೇಡಿ, ಧಿಕ್ಕಾರ ಕೂಗೋಕೆ ಬರದೇ ಇರೋರು ಎಷ್ಟೋ ಜನ ಕಾಗದಕ್ಕೆ ಸಹಿ ಹಾಕ್ತಾರೆ, ಮಹಿಳಾ ಸದಸ್ಯರು ನಮ್ಮಲ್ಲಿ ಮೊದಲು ಹಾಕಿದ್ರು.

ಪಕ್ಷದ ಚಿಹ್ನೆ ಮೇಲೆ ಗೆದ್ದಿದ್ರೆ ಒಂದು ಎಚ್ಚರಿಕೆ. ಸ್ಥಳೀಯ ಸಂಸ್ಥೆಗಳಿಗೂ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ಪಕ್ಷ ವಿಪ್, ಅಂದ್ರೆ ಹೀಗೇ ಮತ ಹಾಕಿ ಅನ್ನೋ ಆದೇಶ, ಕೊಟ್ಟಾಗ ಅದರ ವಿರುದ್ಧ ಮತ ಹಾಕಿದ್ರೆ ಸದಸ್ಯತ್ವಕ್ಕೇ ಕುತ್ತು. ಆದ್ರೆ ಲಿಖಿತ ಪ್ರಶ್ನೆ ಕೇಳೋದು ಮತ ಅಲ್ಲ, ಅದನ್ನ ಯಾವ ವಿಪ್ಪೂ ತಡೆಯಲ್ಲ. ಆಡಳಿತ ಪಕ್ಷದಲ್ಲಿದೀನಿ ಬಾಯಿ ಕಟ್ಟಿದಾರೆ ಅನ್ನೋರು ಇದನ್ನ ತಿಳ್ಕೊಳ್ಳಿ.

ಕಚೇರಿ ಮಾಹಿತಿ ಕೊಡದಿದ್ರೆ ಆರ್‌ಟಿಐ ಹಾಕಿ, ಸದಸ್ಯ ಆಗಿ ಆರ್‌ಟಿಐ ಹಾಕೋದು ಮರ್ಯಾದೆ ಕಮ್ಮಿ ಅಂತ ನಮ್ಮೋರು ಅಂದ್ಕೋತಾರೆ, ಅದೆಲ್ಲ ಏನಿಲ್ಲ. 10 ರೂಪಾಯಿ ಶುಲ್ಕ, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಮೀರಿದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಕಾಗದದ ಪ್ರತಿ ಅಷ್ಟೇ ಅಲ್ಲ, ಕಾಮಗಾರಿ ಪರಿಶೀಲಿಸೋಕೆ, ಸಾಮಗ್ರಿಯ ಸ್ಯಾಂಪಲ್ ತಗೊಳ್ಳೋಕೂ ಆ ಕಾಯ್ದೇಲಿ ಹಕ್ಕಿದೆ.

ರಸ್ತೆ ಒಂದನ್ನೇ ಹಿಡ್ಕೊಂಡು ಕೂರಬೇಡಿ ಅಂತಾನೂ ಹೇಳ್ಬೇಕು. ರಸ್ತೆ ಎಲ್ಲರಿಗೂ ಕಾಣುತ್ತೆ, ಅದಕ್ಕೆ ಕಿರುಚೋರು ಊರ್ ತುಂಬಾ ಇದಾರೆ. ಮಳಿಗೆಗಳ ಡಿಸಿಬಿ, ಅಂದ್ರೆ ಬೇಡಿಕೆ ವಸೂಲಿ ಬಾಕಿ ಪಟ್ಟಿ ತರಿಸಿ, ಅಂಗಡಿ ನಂಬರ್ ಪ್ರಕಾರ, ಕರಾರು ಯಾವಾಗ ಮುಗೀತು ಅನ್ನೋದರ ಸಮೇತ. ಅದನ್ನ ಹಿಡ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಒಂದೊಂದು ಅಂಗಡೀಲಿ ನಿಂತು ಯಾರು ವ್ಯಾಪಾರ ಮಾಡ್ತಿದಾರೆ ಅಂತ ನೋಡಿದ್ರೆ ಸಾಕು. ಪುರಸಭೆ ಹತ್ರ ದುಡ್ಡಿಲ್ಲ ಅನ್ನೋ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತೆ.

ಇನ್ನು ಶೇ 5ರದ್ದು. ಮುಂದಿನ ವರ್ಷ ಕ್ರಿಯಾ ಯೋಜನೆ ಮಾಡೋ ಮುಂಚೆನೇ ನಾನು ವಾರ್ಡಲ್ಲಿ ಮನೆಮನೆಗೆ ಹೋಗಿ ಯಾರಿಗೆ ಏನು ಬೇಕು ಅಂತ ಪಟ್ಟಿ ಮಾಡಿ ಲಗತ್ತಿಸಿ ಕೊಟ್ಟೆ, ಸಭೇಲಿ ಕೊನೆ ವಿಷಯ ಮುಗಿದು "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಬರೋ ತನಕ ಕುರ್ಚಿ ಬಿಡ್ಲಿಲ್ಲ. ಆ ಹುಡುಗನಿಗೆ ಗಾಲಿಕುರ್ಚಿ ಬಂತು, ಒಂದು ವರ್ಷ ತಡವಾಗಿ. ನೀವು ಪಟ್ಟಿ ಮಾಡೋಕೆ ಹೋದಾಗ ಮೊದಲು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆಯಾ ಕೇಳಿ, ಎಷ್ಟೋ ಮನೇಲಿ ಇರಲ್ಲ, ಇಲ್ದಿದ್ರೆ ಅರ್ಜಿ ಮೇಜಿನಿಂದಲೇ ವಾಪಸ್ ಬರುತ್ತೆ. ಕ್ರಿಯಾ ಯೋಜನೆ ಶುರುವಾದ ಮೇಲೆ ಓಡಾಡಿದ್ರೆ ಕಾರ್ಡ್ ಕೈಗೆ ಬರೋ ಹೊತ್ತಿಗೆ ದುಡ್ಡು ಬೇರೆ ಕಡೆ ಹೋಗಿರುತ್ತೆ, ಈಗಲೇ ಶುರು ಮಾಡಿ.